ರೋಮಿನ ಹೆರಳು, ಧಾರವಾಡದ ಗಂಟು

ಈಸ್ಟ್ ಹ್ಯಾಮ್, ಲಂಡನ್
12 ಸೆಪ್ಟೆಂಬರ್ 1999

ಚಿಗವ್ವಾ,

ನಿನಗೆ ಕಿವಿ ಕೇಳಿಸುವಂತಿದ್ದರೆ ಇದನ್ನು ಫೋನಿನಲ್ಲೇ ಕೂಗಿ ಹೇಳಿಬಿಡುತ್ತಿದ್ದೆ. ಕೇಳಿಸದ ಕಾರಣ ನಮಸ್ಕಾರವನ್ನೂ ಸುದ್ದಿಯನ್ನೂ ಒಂದೇ ಲಕೋಟೆಗೆ ತುರುಕಿದ್ದೇನೆ.

ನೀನು ಕಲಿಸಿದ ಮೊಗ್ಗಿನ ಹೆರಳು ನನ್ನನ್ನು ಮ್ಯೂಸಿಯಮ್ಮಿಗೆ ಕರೆದೊಯ್ದಿದೆ! ಹೋದ ಶನಿವಾರ ನಮ್ಮ ಸೀರೆ ಅಂಗಡಿಯಲ್ಲಿ ಒಬ್ಬ ತಮಿಳು ಮದುಮಗಳಿಗೆ ಹೆರಳು ಹೊಲಿಯುತ್ತಿದ್ದೆ. ಒಬ್ಬ ಬಿಳಿಯ ಹೆಂಗಸು ಗಾಜಿನಾಚೆ ಮುಕ್ಕಾಲು ಗಂಟೆ ನಿಂತೇ ಇದ್ದಳು. ಆಮೇಲೆ ಒಳಗೆ ಬಂದು, "ನೀವು ಕೂದಲನ್ನು ಸೂಜಿದಾರದಿಂದ ಹೊಲಿಯುತ್ತೀರಾ?" ಎಂದು ಕೇಳಿದಳು. "ಮತ್ತೆ ಅಂಟು ಹಚ್ಚಲಿಕ್ಕಾಗುತ್ತದೆಯೇ?" ಎಂದೆ. ಅವಳ ಹೆಸರು ಹೆಲೆನ್. ಇಲ್ಲೇ ಹತ್ತಿರದ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಹಳೆಯ ವಸ್ತುಗಳನ್ನು ನೋಡಿಕೊಳ್ಳುತ್ತಾಳೆ.

ಫ್ಲ್ಯಾಟು ಕಟ್ಟಲು ಪಾಯ ತೋಡುವಾಗ ಅವರಿಗೆ ಸೀಸದ ಶವಪೆಟ್ಟಿಗೆ ಸಿಕ್ಕಿದೆ. ಒಳಗೆ ರೋಮನ್ನರ ಕಾಲದ ಒಬ್ಬ ಶ್ರೀಮಂತ ಹೆಂಗಸು. ಸಾವಿರದ ಎಂಟುನೂರು ವರ್ಷಕ್ಕೂ ಹೆಚ್ಚಾಯಿತಂತೆ. ಮೈಯೆಲ್ಲ ಮಣ್ಣಾಗಿದೆ, ತಲೆಗೂದಲು ಮಾತ್ರ ಕಟ್ಟಿದ ಹಾಗೇ ಇದೆ. ಹಣೆಯ ಮೇಲೆ ಜೇನುಹುಟ್ಟಿನಂತೆ ಗುಂಗುರುಗಳ ಸಾಲು, ಹಿಂದೆ ಏಳು ಹೆರಳು ಸುತ್ತಿದ ತುರುಬು. ಇಷ್ಟು ಎತ್ತರ ಪಿನ್ನಿನಿಂದ ನಿಲ್ಲುವುದಿಲ್ಲ, ಇದು ಕಟ್ಟುಗೂದಲಿನ ಟೋಪನ್ನೇ ಇರಬೇಕು ಎಂದು ಅವರಲ್ಲಿ ಜಗಳ. ನಾನು ಭೂತಗನ್ನಡಿ ಹಿಡಿದು ನೋಡಿ, "ಪಿನ್ನೂ ಅಲ್ಲ, ಟೋಪನ್ನೂ ಅಲ್ಲ, ಹೊಲಿಗೆ" ಎಂದೆ. ಹೆಲೆನ್ ನನ್ನ ಕೈಗೆ ಮುತ್ತಿಡುವುದೊಂದು ಬಾಕಿ.

ಆ ರೋಮನ್ನರ ಫ್ಯಾಶನ್ನಿನ ಹುಚ್ಚು ಕೇಳಿದರೆ ನೀನು ನಗುತ್ತೀ. ಕಲ್ಲಿನ ಪ್ರತಿಮೆಗೂ ಕೆಲವರು ಕಲ್ಲಿನದೇ ಬೇರೆ ಕೂದಲು ಮಾಡಿಸುತ್ತಿದ್ದರಂತೆ, ರಾಣಿ ತುರುಬು ಬದಲಿಸಿದರೆ ಪ್ರತಿಮೆಯದೂ ಬದಲಿಸಬಹುದು! ಕೂಡಿಸಿ ಕಟ್ಟಲು ಕರಿ ಕೂದಲು ನಮ್ಮ ದೇಶದಿಂದ ಹಡಗಿನಲ್ಲಿ ಹೋಗುತ್ತಿತ್ತಂತೆ. ಅದಕ್ಕೆ ಸುಂಕವೂ ಇತ್ತಂತೆ.

ಇವರು ಕುವೈತಿನ ಗುತ್ತಿಗೆ ಕೆಲಸಕ್ಕೆ ಹೋಗಿದ್ದಾರೆ, ಬರುವುದು ಫೆಬ್ರವರಿಗೆ. ಮನೆಯಲ್ಲಿ ನಾನು ಮತ್ತು ಅಂಕಿತಾ ಇಬ್ಬರೇ. ಅವಳಿಗೆ ಹದಿಮೂರು ತುಂಬಿತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಕೂದಲು ಮಾತ್ರ ನಮ್ಮವ್ವನದೇ, ಸೊಂಟದ ಕೆಳಗೆ ಬರುತ್ತದೆ.

ನಿನ್ನ,
ಉಷಾ


ಧಾರವಾಡ
26 ಸೆಪ್ಟೆಂಬರ್ 1999

ಉಷವ್ವಾ,

ನೀನೂ ಮಗಳೂ ನೂರು ವರ್ಷ ಸುಖವಾಗಿರಿ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರೆ. ನಿನ್ನ ರೋಮಿನ ಬಾಯಿಯರು ಕಲ್ಲಿಗೂ ತುರುಬು ಕಟ್ಟಿದರು ಅಂದರೆ ಅವರ ಹೊಟ್ಟೆ ಚೆನ್ನಾಗಿಯೇ ತುಂಬಿತ್ತು.

ನಾನು ಈಗಲೂ ತಿಂಗಳಿಗೆ ಎರಡು ಮೂರು ಮದುಮಕ್ಕಳಿಗೆ ಹೆರಳು ಹೊಲಿಯುತ್ತೇನೆ. ಅರವತ್ತೆಂಟಾಯಿತು, ಕಿವಿ ಹೋಯಿತು, ಕೈ ಇದೆ. ಈಗಿನ ಹುಡುಗಿಯರು ಪ್ಲಾಸ್ಟಿಕ್ಕಿನ ಹೆರಳು ತಂದು ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಾರೆ. ಅದನ್ನು ನೋಡಿದರೆ ಸಿಟ್ಟು ಬರುತ್ತದೆ.

ನಿನ್ನ ಹೆಲೆನಬಾಯಿಗೆ ಬೇಕಾದ್ದನ್ನು ಹೇಳಿಕೊಡು. ಆದರೆ ಸತ್ತವಳ ಕೂದಲಿಗೆ ಬರಿಗೈ ಹಚ್ಚಬೇಡ. ಹೊಸದಾಗಿ ಯಾರಿಗಾದರೂ ಹೊಲಿದು ತೋರಿಸುವುದಾದರೆ ನಾನು ಕಲಿಸಿದಂತೆಯೇ ಮಾಡು. ದಾರದ ತುದಿಗೆ ಗಂಟು ಹಾಕಬೇಡ, ನಾಲ್ಕು ಬೆರಳು ಬಾಲ ಬಿಡು. ಹೆಣ್ಣು ತವರಿಗೆ ಮರಳಿ ಬರಬೇಕಲ್ಲ, ಅದಕ್ಕೇ ಆ ಬಾಲ.

ಆ ರೋಮಿನವಳ ಹೆರಳಿನಲ್ಲಿ ದಾರದ ತುದಿ ಹೇಗಿದೆ? ಸುಮ್ಮನೆ ಕೇಳಿದೆ.

ರತ್ನವ್ವ


ಈಸ್ಟ್ ಹ್ಯಾಮ್
17 ಅಕ್ಟೋಬರ್ 1999

ಚಿಗವ್ವಾ,

ಸುಮ್ಮನೆ ಕೇಳಿದ್ದಕ್ಕೆ ದೊಡ್ಡ ಉತ್ತರ ಸಿಕ್ಕಿದೆ. ಅವಳ ದಾರಕ್ಕೆ ಬಾಲವಿಲ್ಲ. ಕುತ್ತಿಗೆಯ ಕುಳಿಯ ಹತ್ತಿರ, ಹೆರಳಿನ ಒಳಮಗ್ಗುಲಿಗೆ, ಒಂದು ಗಂಟಿದೆ. ಮೂರು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ, ತುದಿಯನ್ನು ಮತ್ತೆ ಗಂಟಿನ ಹೊಟ್ಟೆಗೇ ನುಂಗಿಸಿದ್ದಾರೆ. ಕೆಳಗೆ ಚಿತ್ರ ಬರೆದಿದ್ದೇನೆ, ನೋಡು.

ಹೆಲೆನ್ ಇಂಥ ಗಂಟನ್ನು ಎಲ್ಲೂ ಕಂಡಿಲ್ಲವಂತೆ. ಈ ಹೆಂಗಸಿನ ತುರುಬು ಕಟ್ಟಿದ ದಾಸಿ ಎಲ್ಲಿಯವಳೋ ಯಾರಿಗೆ ಗೊತ್ತು, ಕೂದಲು ಬಂದ ಹಡಗಿನಲ್ಲೇ ಬಂದಿರಬಹುದು ಎನ್ನುತ್ತಾಳೆ. ನನಗೂ ಹಾಗೇ ಅನ್ನಿಸಿತು, ಯಾಕೋ ಗೊತ್ತಿಲ್ಲ. ಚಿತ್ರ ನೋಡಿಕೊಂಡು ಆ ಗಂಟು ಹಾಕಲು ಹೆಲೆನ್‌ಗೆ ಒಂದು ವಾರ ತಿಣುಕಿದರೂ ಬರಲಿಲ್ಲ. ನನ್ನ ಬೆರಳು ಎರಡನೆಯ ಸಲಕ್ಕೇ ಹಾಕಿಬಿಟ್ಟವು. ಕಲಿತ ಹಾಗೆ ಅನ್ನಿಸಲಿಲ್ಲ, ಮರೆತದ್ದು ನೆನಪಾದ ಹಾಗಿತ್ತು.

ನವೆಂಬರ್ ಆರಕ್ಕೆ ಪ್ರದರ್ಶನ. ಬೊಂಬೆಯ ಮೇಲೆ ಬೇಡ, ಜೀವಂತ ತಲೆಯ ಮೇಲೆ ಮಾಡಿ ತೋರಿಸೋಣ ಎಂದು ಹೆಲೆನ್ ಹೇಳಿದಳು. ನಮ್ಮ ಮನೆಯಲ್ಲೇ ಅಂಥ ಕೂದಲು ಇರುವಾಗ ಹೊರಗೆ ಹುಡುಕುವುದೇಕೆ? ಅಂಕಿತಾ ಒಪ್ಪಿದ್ದಾಳೆ. ಸ್ಕೂಲಿನ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಗಂಟಿನ ಸಮೇತ, ಆ ರೋಮಿನವಳದ್ದು ಹೇಗಿದೆಯೋ ಹಾಗೇ ಮಾಡುತ್ತೇನೆ.

ಉಷಾ


ಧಾರವಾಡ
27 ಅಕ್ಟೋಬರ್ 1999

ಉಷಾ,

ಕಾಗದ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. ಆ ಗಂಟು ಕೂಸಿನ ತಲೆಗೆ ಬೇಡ. ಬೊಂಬೆಗೆ ಹಾಕು, ಹುಲ್ಲಿಗೆ ಹಾಕು. ಅಂಕಿತಾಳಿಗೆ ಬಾಲ ಬಿಟ್ಟೇ ಹೊಲಿ.

ಯಾಕೆ ಎಂದು ಕೇಳಬೇಡ. ಅದು ನನಗೆ ಗೊತ್ತಿಲ್ಲದ ಗಂಟು, ಗೊತ್ತಿಲ್ಲದ್ದನ್ನು ಮಕ್ಕಳ ಮೈಮೇಲೆ ಮಾಡಬಾರದು, ಅಷ್ಟೇ. ನಿನ್ನ ಚಿತ್ರವನ್ನು ಒಲೆಗೆ ಹಾಕಿದೆ.

ರತ್ನವ್ವ


ಈಸ್ಟ್ ಹ್ಯಾಮ್
10 ನವೆಂಬರ್ 1999

ಚಿಗವ್ವಾ,

ನಿನ್ನ ಕಾಗದ ಬಂದದ್ದು ಎಂಟನೆಯ ತಾರೀಖು. ಪ್ರದರ್ಶನ ಆರಕ್ಕೇ ಮುಗಿದಿತ್ತು. ಸಿಟ್ಟಾಗಬೇಡ.

ಐದು ಗಂಟೆ ಹಿಡಿಯಿತು. ನೂರಾರು ಜನ ಸುತ್ತ ಕೂತು ನೋಡಿದರು. ಅಂಕಿತಾ ಕನ್ನಡಿ ನೋಡಿಕೊಂಡು, "ಮಮ್, ಇವಳು ಯಾರು?" ಎಂದಳು. ಎಲ್ಲರೂ ನಕ್ಕರು. ಫೋಟೋ ಇಟ್ಟಿದ್ದೇನೆ.

ಸಂಜೆ ಬಿಚ್ಚಲು ಕೂತರೆ ಗಂಟು ಸಡಿಲಲಿಲ್ಲ. ಮ್ಯೂಸಿಯಮ್ಮು ಮುಚ್ಚುವ ಹೊತ್ತು, ಕಾವಲಿನವನು ಬೀಗ ಹಿಡಿದು ನಿಂತಿದ್ದ. ಕತ್ತರಿ ತೆಗೆದುಕೊಂಡು ಗಂಟನ್ನು ಒಂದು ಎಳೆ ಕೂದಲಿನ ಸಮೇತ ಕತ್ತರಿಸಿಬಿಟ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಹೆಲೆನ್ ಅದನ್ನು ಎಸೆಯಗೊಡದೆ, ಹೆರಳಿನ ತುಂಡಿನ ಸಮೇತ ಕಳಚಿಬಂದ ಹಳೆಯ ಗಂಟಿನ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ.

ನೀನು ಹೆದರಿಸಿದಂತೆ ಏನೂ ಆಗಿಲ್ಲ. ಅಂಕಿತಾ ಚೆನ್ನಾಗಿದ್ದಾಳೆ. ಈ ಎರಡು ದಿನ ಸ್ಕೂಲಿನಿಂದ ತಡವಾಗಿ ಬಂದಳು, ಬಸ್ಸಿನ ಸ್ಟಾಪು ದಾಟಿ ಹೋಯಿತಂತೆ. ಆ ವಯಸ್ಸೇ ಹಾಗೆ.

ಉಷಾ


ಧಾರವಾಡ
21 ನವೆಂಬರ್ 1999

ಉಷಾ,

ಫೋಟೋ ನೋಡಿದೆ. ಮಗಳು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ, ಹೇಗೆ ಬರುತ್ತಾಳೆ, ದಿನದಿನವೂ ಬರೆದಿಡು. ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡ. ಕತ್ತರಿಸಿದ ಗಂಟನ್ನು ಯಾರೂ ಮುಟ್ಟದಂತೆ ನೋಡಿಕೋ.

ಕಾಗದಕ್ಕೆ ಕಾಯಲಾಗದೆ ನಿನ್ನೆ ಎಸ್‌ಟಿಡಿ ಬೂತಿನ ಲೋಕೇಶನ ಕೈಯಲ್ಲಿ ನಿನ್ನ ಮನೆಗೆ ಫೋನು ಮಾಡಿಸಿದೆ. ಅವನಿಗೆ ಇಂಗ್ಲಿಷು ಬರುತ್ತದೆ. ಅವನು ಕೇಳಿಸಿಕೊಂಡದ್ದನ್ನು ಚೀಟಿಯಲ್ಲಿ ಬರೆದು ನನಗೆ ತೋರಿಸಿದ. ಒಂದು ಹುಡುಗಿ ಎತ್ತಿದಳಂತೆ. "ಇದು ಉಷಾ ಅವರ ಮನೀ ಏನ್ರೀ?" ಎಂದರೆ, "ಇದು ಯಾರ ಮನೆಯೋ ನನಗೆ ಗೊತ್ತಿಲ್ಲ" ಎಂದಳಂತೆ. ತಪ್ಪು ನಂಬರು ಇರಬೇಕೆಂದು ಮತ್ತೆ ಹಚ್ಚಿದ. ಅದೇ ಹುಡುಗಿ, ಅದೇ ಮಾತು.

ತಪ್ಪು ನಂಬರೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ರತ್ನವ್ವ


ಈಸ್ಟ್ ಹ್ಯಾಮ್
2 ಡಿಸೆಂಬರ್ 1999

ಚಿಗವ್ವಾ,

ನಂಬರು ತಪ್ಪಲ್ಲ. ಆ ಹೊತ್ತಿಗೆ ನಾನು ಅಂಗಡಿಯಲ್ಲಿದ್ದೆ, ಮನೆಯಲ್ಲಿದ್ದವಳು ಅಂಕಿತಾ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ ಭುಜ ಹಾರಿಸಿದಳು.

ನಿನಗೆ ಹೇಳದೆ ಮುಚ್ಚಿಟ್ಟದ್ದನ್ನೆಲ್ಲ ಇವತ್ತು ಬರೆಯುತ್ತೇನೆ. ಹೋದ ವಾರ ಡಿಸ್ಟ್ರಿಕ್ಟ್ ಲೈನ್ ರೈಲಿನ ಕೊನೆಯ ಸ್ಟೇಷನ್ನಿನಿಂದ ಫೋನು ಬಂತು. ಅಂಕಿತಾ ಅಪ್‌ಮಿನ್ಸ್ಟರಿನಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಎಲ್ಲಿ ಇಳಿಯಬೇಕೆಂದು ಯಾರಾದರೂ ಹೇಳುತ್ತಾರೆ ಎಂದುಕೊಂಡಿದ್ದಳಂತೆ. ಯಾರೋ ಹುಡುಗನ ಸಹವಾಸ ಎಂದು ನಾನು ಕೆನ್ನೆಗೆ ಹೊಡೆದೆ ಚಿಗವ್ವಾ. ಹುಟ್ಟಿದಾಗಿನಿಂದ ಒಂದು ದಿನವೂ ಕೈ ಎತ್ತಿದವಳಲ್ಲ.

ಮೊನ್ನೆ ಬೇಗ ಬಂದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಅವಳು ನಮ್ಮ ಬೀದಿಗೆ ಬಂದಳು. ಒಂದೊಂದೇ ಬಾಗಿಲಿನ ನಂಬರು ಓದುತ್ತ ನಮ್ಮ ಬಾಗಿಲನ್ನೂ ಓದಿ ಮುಂದೆ ಹೋದಳು. ಬೀದಿಯ ಕೊನೆಗೆ ಹೋಗಿ ತಿರುಗಿ ಬಂದು ಮತ್ತೆ ಓದಿದಳು. ನಾನೇ ಹೊರಗೆ ಹೋಗಿ ಕೈಹಿಡಿದು ಕರೆತಂದೆ. ಒಳಗೆ ಬಂದವಳು ಕೋಟು ತೆಗೆಯದೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಸೋಫಾದ ಅಂಚಿನಲ್ಲಿ ಕೂತಳು. ಊಟ ಮುಗಿಸಿ, "ತುಂಬಾ ಥ್ಯಾಂಕ್ಸ್, ನಾನು ಎಷ್ಟು ಹೊತ್ತಿಗೆ ಹೊರಡಬೇಕು?" ಎಂದಳು.

ಇಲ್ಲಿನ ಜಿಪಿ ಡಾಕ್ಟರು ಪರೀಕ್ಷೆ ಮಾಡಿ ಹದಿಹರೆಯ ಎಂದರು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ತೆಗೆಸಲು ಜನವರಿಯ ದಿನ ಕೊಟ್ಟಿದ್ದಾರೆ. ನನಗೆ ಅಷ್ಟು ದಿನ ತಡೆಯುವ ಶಕ್ತಿಯಿಲ್ಲ. ನಿನಗೆ ಏನೋ ಗೊತ್ತಿದೆ, ಅದನ್ನು ಹೇಳದೆ ನನ್ನನ್ನು ಕೊಲ್ಲುತ್ತಿದ್ದೀ.

ಉಷಾ


ಧಾರವಾಡ
11 ಡಿಸೆಂಬರ್ 1999

ಉಷವ್ವಾ, ನನ್ನ ಮಗಳೇ,

ಗೊತ್ತಿಲ್ಲ ಎಂದದ್ದು ಸುಳ್ಳು. ಆ ಗಂಟನ್ನು ನಾನು ಹನ್ನೊಂದು ಹೆಂಗಸರಿಗೆ ಹಾಕಿದ್ದೇನೆ. ಹನ್ನೊಂದೂ ಹೆಣಗಳು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಕೂರಿಸುವ ಮೊದಲು ನಮ್ಮ ಮನೆತನದ ಒಬ್ಬಳು ಸತ್ತವಳ ಹೆರಳು ಹೊಲಿಯಬೇಕು. ಮದುಮಗಳಿಗೆ ಬಾಲ ಬಿಡುವುದು ಮರಳಿ ಬರಲಿ ಎಂದು. ಸತ್ತವಳಿಗೆ ಗಂಟು ಹಾಕುವುದು ಮನೆಯ ದಾರಿ ಮರೆಯಲಿ ಎಂದು. ಅದನ್ನು ಬಾಯಿಂದ ಹೇಳಿ ಕಲಿಸುವುದಿಲ್ಲ. ಮೊದಲ ಹೆಣ ಬಂದಾಗ ದೊಡ್ಡವಳು ಹಾಕುತ್ತಾಳೆ, ಚಿಕ್ಕವಳು ನೋಡುತ್ತಾಳೆ. ನೀನು ಲಂಡನ್ನಿಗೆ ಹೋದೆ, ನಿನಗೆ ತೋರಿಸುವ ಪ್ರಸಂಗವೇ ಬರಲಿಲ್ಲ. ಕಡೆಗೆ ಒಬ್ಬಳು ಸತ್ತವಳೇ ನಿನಗೆ ತೋರಿಸಿದಳು. ಅದು ಆ ದೇಶಕ್ಕೆ ಹೇಗೆ ಹೋಯಿತೋ ನನಗೆ ತಿಳಿಯದು.

ಇದನ್ನು ಮೊದಲೇ ಬರೆಯದೆ ಇದ್ದುದಕ್ಕೆ ಕಾರಣ ನಿನ್ನ ಅವ್ವ. ಅಕ್ಕ ಸತ್ತಾಗ ನಿನಗೆ ಐದು ವರ್ಷ. ನಾನು ಸೂಜಿ ಹಿಡಿದು ಕೂತಾಗ ನೀನು ನನ್ನ ಮೊಣಕೈ ಜಗ್ಗಿ, "ಅವ್ವ ಯಾವಾಗ ಬರತಾಳ?" ಎಂದು ಕೇಳಿದೆ. ನನ್ನ ಕೈಯಲ್ಲಿ ಆಗಲಿಲ್ಲ. ಬಾಲ ಬಿಟ್ಟು ಮಣ್ಣಿಗೆ ಕಳಿಸಿದೆ, ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಮಲಗಿ ಎದ್ದಾಗ ನಿನ್ನ ತಲೆ ಬಾಚಿ ಹೆರಳು ಹಾಕಿರುತ್ತಿತ್ತಲ್ಲ, ಅದನ್ನು ನಾನು ಹಾಕಿದ್ದೆಂದೇ ನೀನು ಬೆಳೆದೆ. ನಾನು ಹಾಕಿದ್ದಲ್ಲ. ನಿನ್ನ ಮದುವೆಯವರೆಗೂ ಅವಳು ಬಂದಳು. ಆಮೇಲೆ ತಾನೇ ಹೋದಳು. ನನ್ನ ತಪ್ಪನ್ನು ನಿನಗೆ ಹೇಳಲು ನಾಚಿಕೆಯಾಯಿತು, ಅದಕ್ಕೆ ನಿನ್ನ ಮಗಳು ತೆರುತ್ತಿದ್ದಾಳೆ.

ಈಗ ಮಾಡಬೇಕಾದದ್ದು ಕೇಳು. ಕತ್ತರಿಸಿದರೆ ಗಂಟು ಹೋಗುವುದಿಲ್ಲ, ಗಂಟು ಗಂಟಾಗಿಯೇ ಇರುತ್ತದೆ. ಹಾಕಿದ ಕೈಯೇ ಬಿಚ್ಚಬೇಕು. ಬೇರೆಯವರ ಕೈಗೆ ಅದು ಬಿಚ್ಚಿಕೊಳ್ಳುವುದೂ ಇಲ್ಲ. ತುದಿಯನ್ನು ಗಂಟಿನ ಹೊಟ್ಟೆಯಿಂದ ಹೊರಗೆ ತೆಗೆದು, ಒಂದು ಸುತ್ತು ಬಲಕ್ಕೆ, ಮೂರು ಸುತ್ತು ಎಡಕ್ಕೆ. ಇದು ಲೋಕೇಶನ ಬಾಯಿಂದ ಫೋನಿನಲ್ಲಿ ಹೇಳಿಸುವ ಮಾತಲ್ಲ, ಅದಕ್ಕೇ ಬರೆದೆ. ತಡ ಮಾಡಬೇಡ.

ರತ್ನವ್ವ


ಈಸ್ಟ್ ಹ್ಯಾಮ್
21 ಡಿಸೆಂಬರ್ 1999

ಚಿಗವ್ವಾ,

ಕಾಗದ ಇವತ್ತು ಬೆಳಿಗ್ಗೆ ಬಂತು. ಅದನ್ನು ಓದುವಾಗ ಅಂಕಿತಾ ಮನೆಯಲ್ಲಿ ಇರಲಿಲ್ಲ. ನಿನ್ನೆ ಮಧ್ಯಾಹ್ನ ತರಕಾರಿ ಅಂಗಡಿಯಲ್ಲಿ ನನ್ನ ಕೈಬಿಡಿಸಿಕೊಂಡು ಹೋದವಳು ಬಂದಿರಲಿಲ್ಲ. ಪೊಲೀಸರು ಫೋಟೋ ಒಯ್ದಿದ್ದರು. ನಿನ್ನ ಕಾಗದವನ್ನು ಅವರಿಗೆ ಹೇಗೆ ಓದಿ ಹೇಳಲಿ? ನೇರ ಮ್ಯೂಸಿಯಮ್ಮಿಗೆ ಓಡಿದೆ.

ಹೆಲೆನ್ ಎರಡೂ ಗಂಟನ್ನು ಪೆಟ್ಟಿಗೆಯಿಂದ ತೆಗೆದು, ಫೋಟೋ ಹಿಡಿಯಲೆಂದು ಮೇಜಿನ ಮೇಲೆ ಇಟ್ಟಿದ್ದಳು. ಹಳೆಯದರ ಕೂದಲು ಒಣಹುಲ್ಲಿನಂತೆ ಕೆಂಚಗಿತ್ತು, ನೆನಪಿದೆ. ಈಗ ಎರಡೂ ಕರ್ರಗಿದ್ದವು, ಎರಡಕ್ಕೂ ಎಣ್ಣೆಯ ಹೊಳಪು. ಒಂದು ತಿಂಗಳಿಂದ ಹಳೆಯದು ಕಪ್ಪಾಗುತ್ತಿದೆ, ಗಾಳಿಯ ತೇವ ಇರಬೇಕು ಎಂದು ಹೆಲೆನ್ ಹೇಳಿದಳು. ಅವಳು ಚಹಾ ತರಲು ಕೆಳಗೆ ಹೋದಳು. ಯಾವುದು ನನ್ನದು ಎಂದು ನನಗೆ ಗೊತ್ತಾಗಲಿಲ್ಲ ಚಿಗವ್ವಾ. ಬೆರಳಿಗೂ ಗೊತ್ತಾಗಲಿಲ್ಲ.

ಎರಡನ್ನೂ ಬಿಚ್ಚಿದೆ. ಮೊದಲನೆಯದು ಬಿಚ್ಚಲು ಉಗುರು ಮುರಿಯಿತು, ಬಿಚ್ಚಿ ಹರಡಿದ ಮೇಲೆ ಅದರಲ್ಲಿದ್ದ ಕೂದಲು ಅಂಕಿತಾಳದ್ದೇ ಎಂದು ತಿಳಿಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಆ ಹೊತ್ತಿಗೆ ನನ್ನ ಇನ್ನೊಂದು ಕೈ ಎರಡನೆಯದನ್ನು ಆಗಲೇ ಸಡಿಲಿಸಿತ್ತು. ಬೇರೆಯವರ ಕೈಗೆ ಬಿಚ್ಚಿಕೊಳ್ಳುವುದಿಲ್ಲ ಎಂದು ನೀನು ಬರೆದಿದ್ದೀ. ಅದು ನನ್ನದಕ್ಕಿಂತ ಸುಲಭವಾಗಿ ಬಿಚ್ಚಿಕೊಂಡಿತು.

ಹೆಲೆನ್ ಬರುವ ಮೊದಲೇ ಹೊರಟುಬಂದೆ. ಮನೆಗೆ ಬಂದು ಕೋಟು ತೆಗೆಯುವಷ್ಟರಲ್ಲಿ ಬೆಲ್ಲು. ಅಂಕಿತಾ! ನನ್ನನ್ನು ತಬ್ಬಿಕೊಂಡು, "ಮಮ್, ನಂಬರು ಓದಲೇ ಇಲ್ಲ, ಸೀದಾ ಬಂದೆ" ಎಂದಳು. ಅವಳ ಕೋಣೆಗೆ ಓಡಿಹೋಗಿ ದಿಂಬಿಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ. ಮಗಳು ಸಿಕ್ಕಿದಳು, ನನ್ನ ಪಾಲಿಗೆ ಜಗತ್ತೇ ಸಿಕ್ಕಿತು ಎಂದುಕೊಂಡೆ.

ಆಮೇಲೆ ಅವಳ ಕೋಟು ಬಿಚ್ಚಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಗಾಯಗಳು. ಕೇಳಿದರೆ, "ಆ ಲೇಡಿ ನನ್ನ ಕೈ ಹಿಡಿದುಕೊಂಡೇ ಬಂದಳು. ನಾನು ನಿಧಾನ ಮಾಡಿದರೆ ಪಿನ್ನಿನಿಂದ ಚುಚ್ಚುತ್ತಿದ್ದಳು" ಎಂದಳು. ಯಾವ ಲೇಡಿ ಎಂದೆ. "ಹೊರಗೆ ನಿಂತಿದ್ದಾಳೆ ಮಮ್. ಕೂದಲೆಲ್ಲ ಬಿಚ್ಚಿಹೋಗಿದೆ. ತನ್ನ ಹೆರಳು ಹಾಕುವವಳು ಎಲ್ಲಿ ಅಂತ ಕೇಳುತ್ತಿದ್ದಾಳೆ."

ಆ ದಾಸಿ ಈ ಗಂಟನ್ನು ಯಾಕೆ ಹಾಕಿದಳೆಂದು ಈಗ ತಿಳಿಯಿತು, ಇವಳು ಮರಳಿ ಬರದಿರಲಿ ಎಂದು. ನಿನ್ನ ಉತ್ತರ ಬರಲು ಹತ್ತು ದಿನ ಬೇಕು, ಬಾಗಿಲು ಅಷ್ಟು ದಿನ ತಡೆಯುವುದಿಲ್ಲ. ಅವಳಿಗೆ ಬೇಕಾಗಿರುವುದು ನಾನು, ಅಂಕಿತಾ ಅಲ್ಲ. ಒಳಗೆ ಕರೆದು, ಕೂರಿಸಿ, ಮೊದಲಿನಂತೆಯೇ ಹೊಲಿದು, ಕೊನೆಗೆ ಗಂಟು ಹಾಕಿ ಕಳಿಸುತ್ತೇನೆ. ಐದು ಗಂಟೆಯ ಕೆಲಸ. ಈ ಕಾಗದವನ್ನು ಈಗಲೇ ಅಂಕಿತಾಳ ಕೈಯಲ್ಲಿ ಹಿಂದಿನ ಬಾಗಿಲಿನಿಂದ ಅಂಚೆ ಡಬ್ಬಿಗೆ ಹಾಕಿಸುತ್ತೇನೆ. ಮುಗಿದ ಕೂಡಲೇ ಮತ್ತೆ ಬರೆಯುತ್ತೇನೆ.

ಉಷಾ


ಧಾರವಾಡ
30 ಜನವರಿ 2000

ಉಷವ್ವಾ,

ಮುಗಿದ ಕೂಡಲೇ ಬರೆಯುತ್ತೇನೆ ಎಂದಿದ್ದ ಕಾಗದ ಬರಲಿಲ್ಲ. ಒಂದು ತಿಂಗಳು ದಿನವೂ ಪೋಸ್ಟಿನವನ ದಾರಿ ಕಾದೆ. ನಿನ್ನೆ ಲೋಕೇಶನ ಹತ್ತಿರ ಮತ್ತೆ ಹೋದೆ. ಅವನು ಮಾತಾಡಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟ, ಚೀಟಿ ಈಗ ನನ್ನ ಮುಂದಿದೆ.

ಅಂಕಿತಾ ಎತ್ತಿದಳಂತೆ. ತಾನು ಮನೆಯಲ್ಲೇ ಇದ್ದೇನೆ, ಚೆನ್ನಾಗಿದ್ದೇನೆ ಎಂದಳಂತೆ. ಅದನ್ನು ಓದಿ ನನ್ನ ಜೀವ ತಣ್ಣಗಾಯಿತು. ಅಮ್ಮನಿಗೆ ಫೋನು ಕೊಡು ಎಂದು ಲೋಕೇಶ ಕೇಳಿದ. "ಆಗುವುದಿಲ್ಲ, ಮಮ್ ಒಳಗೆ ಆ ಲೇಡಿಗೆ ಹೆರಳು ಹೊಲಿಯುತ್ತಿದ್ದಾಳೆ" ಎಂದಳಂತೆ. ಯಾವಾಗ ಮುಗಿಯುತ್ತದೆ ಎಂದು ಕೇಳಿದ. "ಗೊತ್ತಿಲ್ಲ. ಕ್ರಿಸ್‌ಮಸ್ಸಿಗಿಂತ ಮುಂಚಿನಿಂದ ಹೊಲಿಯುತ್ತಲೇ ಇದ್ದಾಳೆ. ಗಂಟು ಹಾಕುವ ಹೊತ್ತಿಗೆ ಆ ಲೇಡಿ ಕನ್ನಡಿ ನೋಡಿಕೊಂಡು, ಸರಿ ಬಂದಿಲ್ಲ, ಬಿಚ್ಚಿ ಮೊದಲಿಂದ ಹಾಕು ಅನ್ನುತ್ತಾಳೆ."

ಅತ್ತು ಕೂತರೆ ಆಗುವುದಿಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟಿದ್ದೇನೆ, ನಿನ್ನ ಗಂಡ ವಿನಾಯಕನಿಗೆ ಕುವೈತಿಗೆ ತಂತಿ ಕಳಿಸಿದ್ದೇನೆ. ನಾನು ಬಂದು ಆ ರೋಮಿನವಳ ಮುಂದೆ ಕೂತು ಕನ್ನಡಿ ಹಿಡಿಯುತ್ತೇನೆ. ಅವಳು ನನ್ನ ಮುಖ ನೋಡುತ್ತಿರುವಾಗ ಹಿಂದಿನಿಂದ ನೀನು ಗಂಟು ಹಾಕು. ಹನ್ನೊಂದು ಹೆಣ ಕಳಿಸಿದವಳು ನಾನು, ಇವಳನ್ನೂ ಕಳಿಸುತ್ತೇನೆ.

ಈ ಕಾಗದವನ್ನು ಅಂಕಿತಾ ನಿನ್ನ ಮುಂದೆ ಹಿಡಿದರೆ ತಲೆ ಎತ್ತದೆ ಓದು. ನಾನು ಬರುವವರೆಗೆ ಆ ರೋಮಿನವಳು ಹೇಳಿದಷ್ಟು ಸಲ ಬಿಚ್ಚು, ಹೇಳಿದಷ್ಟು ಸಲ ಹೊಲಿ. ನಿನ್ನ ಕೈ ನಿಂತರೆ ಅವಳು ಹುಡುಗಿಯ ಕೈಗೆ ಸೂಜಿ ಕೊಡುತ್ತಾಳೆ.

ರತ್ನವ್ವ